ಡಿಕ್ಕಿ ಚಾಪೆಯ ಕೆಳಗೆ: ಹದಿನೇಳು ವರ್ಷದ ಸ್ಟೇಷನ್ ವ್ಯಾಗನ್ ಕೊಳ್ಳಲು ಹೊರಟ ಒಂದು ಪ್ರಕರಣ

ಗುರುತು ಸಿಗಬಾರದೆಂದು ಕೊಂಡವರು, ಮಾರಿದವರು, ಮೆಕ್ಯಾನಿಕ್, ಹಳ್ಳಿ, ಗಾಡಿ ನಂಬರು ಯಾವುದನ್ನೂ ಇಲ್ಲಿ ಹೆಸರಿಸಿಲ್ಲ.

ಹಿನ್ನೆಲೆ

ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ಕಾಫಿ ಮತ್ತು ಕಾಳುಮೆಣಸಿನ ಸಸಿಗಳ ನರ್ಸರಿ ನಡೆಸುತ್ತಾರೆ. ಮೇ ಕೊನೆಯಿಂದ ಜುಲೈವರೆಗೆ ಪಾಲಿಥೀನ್ ಚೀಲದ ಸಸಿಗಳನ್ನು ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಸಣ್ಣ ಬೆಳೆಗಾರರಿಗೆ ತಲುಪಿಸಬೇಕು. ಉಳಿದ ತಿಂಗಳುಗಳಲ್ಲಿ ಗಾಡಿಯ ಕೆಲಸ ಬೇರೆ. ಮಂಡಿ ನೋವಿನ ಅತ್ತೆಯನ್ನು ತಿಂಗಳಿಗೊಮ್ಮೆ ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕು, ಸಂತೆ ಸಾಮಾನು ತರಬೇಕು, ನೆಂಟರ ಮನೆಗೆ ಹೋಗಿಬರಬೇಕು. ಗಾಡಿ ಓಡಿಸುವುದು ಅವರ ತಮ್ಮ.

ಈ ಎರಡು ಕೆಲಸಗಳು ಒಂದೇ ಗಾಡಿಯಲ್ಲಿ ಸುಲಭಕ್ಕೆ ಹೊಂದುವುದಿಲ್ಲ. ಜೀಪು ಜಾತಿಯ ಎತ್ತರದ ಗಾಡಿಗೆ ಅತ್ತೆ ಹತ್ತಲಾರರು. ಪಿಕಪ್ ತಂದರೆ ಆಸ್ಪತ್ರೆಗೆ ಬೇರೆ ಬಾಡಿಗೆ ಕಾರು ಬೇಕು. ಸಾಧಾರಣ ಸೆಡಾನಿನ ಡಿಕ್ಕಿಯ ಬಾಯಿ ಚಿಕ್ಕದು, ಸಸಿಯ ಕ್ರೇಟು ನೆಟ್ಟಗೆ ಒಳಗೆ ಹೋಗುವುದಿಲ್ಲ. ಹಾಗಾಗಿ ಹಿಂದೆ ಮೇಲಕ್ಕೆತ್ತುವ ಬಾಗಿಲು, ಮಡಚುವ ಹಿಂಸೀಟು, ಕಾರಿನಷ್ಟೇ ಎತ್ತರದ ಸೀಟು ಇರುವ ಸ್ಟೇಷನ್ ವ್ಯಾಗನ್ ಅವರ ಕಣ್ಣಿಗೆ ಬಿತ್ತು. ನಮ್ಮಲ್ಲಿ ಈ ಜಾತಿಯ ಕಾರುಗಳು ಹೆಚ್ಚು ಮಾರಾಟವಾಗಲಿಲ್ಲ. ಆದ್ದರಿಂದ ಈಗ ಸಿಗುವುದೆಲ್ಲ ಹಳೆಯವೇ, ಬೆಲೆಯೂ ಕಡಿಮೆ.

ಕೈಯಲ್ಲಿದ್ದ ದುಡ್ಡು 1,75,000 ರೂಪಾಯಿ. ಗಾಡಿ, ರಿಪೇರಿ, ಕಾಗದಪತ್ರ ಎಲ್ಲವೂ ಅದರೊಳಗೇ ಮುಗಿಯಬೇಕಿತ್ತು. ಸಾಲ ಮಾಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರು.

ಯಾವ ಮಾದರಿ ಎಂಬ ಪ್ರಶ್ನೆ ಬೇಗ ಮುಗಿಯಿತು. ಮಾರುತಿ ಬಲೆನೊ ಆಲ್ಟುರಾ ಒಳ್ಳೆಯ ಗಾಡಿ, ಆದರೆ 1.6 ಲೀಟರಿನ ಪೆಟ್ರೋಲು. ಸಿಗುವುದೂ ಬಹಳ ಅಪರೂಪ. ಬಂಕಿಗೆ ಬರುತ್ತಿರುವ ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ಪೈಪು, ಸೀಲುಗಳನ್ನು ಒಂದೊಂದಾಗಿ ಬದಲಿಸುತ್ತ ಕೂರಬೇಕು. 1500 ಸಿಸಿ ದಾಟಿದ ಕಾರಿಗೆ ಥರ್ಡ್ ಪಾರ್ಟಿ ವಿಮೆಯೂ ದುಬಾರಿ: 2022ರಲ್ಲಿ ನಿಗದಿಯಾದ ದರದಂತೆ 7,897 ರೂಪಾಯಿ, ಮೇಲೆ ಜಿಎಸ್‌ಟಿ. 1000ದಿಂದ 1500 ಸಿಸಿವರೆಗಿನದಕ್ಕೆ ಅದು 3,416. ಸ್ಕೋಡಾ ಆಕ್ಟೇವಿಯಾ ಕಾಂಬಿಯ ಬಿಡಿಭಾಗಗಳ ಬೆಲೆ ಈ ಬಜೆಟ್ಟಿಗೆ ನಿಲುಕುವಂಥದ್ದಲ್ಲ. ಉಳಿದದ್ದು ಟಾಟಾ ಇಂಡಿಗೊ ಮರೀನಾ, 1405 ಸಿಸಿಯ ಟರ್ಬೊ ಡೀಸೆಲ್, ಕಾಮನ್ ರೈಲ್ ಎಂಬ ಕಂಪ್ಯೂಟರ್ ನಿಯಂತ್ರಿತ ಡೀಸೆಲ್ ವ್ಯವಸ್ಥೆ ಬರುವುದಕ್ಕಿಂತ ಹಿಂದಿನದು.

ಮರೀನಾ 2004ರಲ್ಲಿ ಬಂದದ್ದು. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್, ಬ್ರೇಕು ಎಲ್ಲ ಇಂಡಿಕಾ–ಇಂಡಿಗೊ ಬಳಗದವು. ಆ ಬಳಗದ ಕಾರುಗಳು 2018ರವರೆಗೂ ತಯಾರಾದವು, ಟ್ಯಾಕ್ಸಿಗಳಾಗಿ ಲೆಕ್ಕವಿಲ್ಲದಷ್ಟು ಓಡಿದವು. ಹಾಗಾಗಿ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಈ ಎಂಜಿನ್ ಬಿಚ್ಚಿ ಕಟ್ಟಿದ ಕೈಗಳು ಬೇಕಾದಷ್ಟಿವೆ. ಡೀಸೆಲ್ ಪಂಪು, ಇಂಜೆಕ್ಟರು ಕೆಟ್ಟರೆ ಊರಿನ ಪಂಪ್ ಅಂಗಡಿಯವರೇ ಬೆಂಚಿನ ಮೇಲಿಟ್ಟು ಸರಿಮಾಡುತ್ತಾರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂಬ ಮಾತು ದೆಹಲಿ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಆ ಹೆದರಿಕೆಯಿಂದ ನಮ್ಮ ಕಡೆ ಡೀಸೆಲ್ ಬಿಡಬೇಕಾಗಿಲ್ಲ.

ತೊಡಕು ಎಲ್ಲಿತ್ತು

ಹಳೇ ವ್ಯಾಗನ್ ನೋಡಲು ಹೋಗುವವರು ಸಾಮಾನ್ಯವಾಗಿ ಎಂಜಿನ್ ಸದ್ದು ಕೇಳುತ್ತಾರೆ, ಕಿಲೋಮೀಟರು ನೋಡುತ್ತಾರೆ, ಬೆಲೆ ಚೌಕಾಸಿ ಮಾಡುತ್ತಾರೆ. ಈ ಕುಟುಂಬವೂ ಹಾಗೇ ಹೊರಟಿತ್ತು. ಅವರ ಮೆಕ್ಯಾನಿಕ್ ಮೊದಲು ಮಾಡಿಸಿದ್ದು ಒಂದು ಹಾಳೆಯ ಮೇಲೆ ಎರಡು ಪಟ್ಟಿ. ಎಡಕ್ಕೆ ಸೆಡಾನಿನದೇ ಆಗಿರುವ, ಯಾವ ಅಂಗಡಿಯಲ್ಲೂ ಸಿಗುವ ಭಾಗಗಳು: ಕ್ಲಚ್ಚು, ಟೈಮಿಂಗ್ ಬೆಲ್ಟು, ರೇಡಿಯೇಟರ್, ಬುಷ್ಷು, ಬ್ರೇಕು, ಹೆಡ್‌ಲೈಟು, ಬಾನೆಟ್ಟು. ಬಲಕ್ಕೆ ವ್ಯಾಗನ್ನಿಗೆ ಮಾತ್ರ ಇರುವವು: ಹಿಂಬಾಗಿಲು, ಅದರ ಗಾಜು, ಸುತ್ತಲಿನ ರಬ್ಬರ್ ಬೀಡಿಂಗು, ಟೈಲ್ ಲ್ಯಾಂಪು, ಹಿಂದಿನ ಪಕ್ಕದ ಗಾಜು, ಹಿಂದಿನ ವೈಪರ್, ಹಿಂಬಾಗಿಲನ್ನು ಎತ್ತಿಹಿಡಿಯುವ ಗ್ಯಾಸ್ ರಾಡು, ಹಿಂಭಾಗದ ತಗಡು.

ಎಡಪಟ್ಟಿಯಲ್ಲಿ ಏನು ಕೆಟ್ಟಿದ್ದರೂ ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಬಲಪಟ್ಟಿಯಲ್ಲಿ ಕೆಟ್ಟಿದ್ದರೆ ದುಡ್ಡು ಕೊಡುತ್ತೇನೆಂದರೂ ಭಾಗ ಸಿಗುವುದಿಲ್ಲ. ಎಲ್ಲೋ ಗುಜರಿಯಲ್ಲಿ ಅದೇ ಗಾಡಿ ಬಂದು ಬೀಳುವವರೆಗೆ ಕಾಯಬೇಕು. ಗ್ಯಾಸ್ ರಾಡೊಂದೇ ಇದಕ್ಕೆ ಹೊರತು. ಅದರ ಕೊಳವೆಯ ಮೇಲೆ ಬಲವನ್ನು ನ್ಯೂಟನ್‌ನಲ್ಲಿ ಬರೆದಿರುತ್ತದೆ. ಆ ಅಂಕಿ, ಪೂರ್ತಿ ಚಾಚಿದಾಗಿನ ಉದ್ದ, ತುದಿಯ ಕೀಲಿನ ಬಗೆ ಈ ಮೂರೂ ಹೊಂದಿದರೆ ಬೇರೆ ಕಾರಿನದೂ ಆಗುತ್ತದೆ.

ಮೊದಲ ಗಾಡಿ

2024ರ ನವೆಂಬರಿನಲ್ಲಿ ಸಿಕ್ಕಿದ್ದು ಚಿಕ್ಕಮಗಳೂರು ಜಿಲ್ಲೆಯ ಮಳೆ ಸೀಮೆಯ ಒಂದು ಕಾಫಿ ತೋಟದ ಕಾರು. 2007ರ ಜೂನ್ ನೋಂದಣಿ, ಒಬ್ಬರೇ ಮಾಲೀಕರು, ಮೀಟರಿನಲ್ಲಿ 61,000 ಕಿಲೋಮೀಟರು. ಕೇಳಿದ ಬೆಲೆ 70,000. ಮಾರುವವರು ದೂರದ ಪರಿಚಯ, ಮರ್ಯಾದಸ್ಥರು. ಶೆಡ್ಡಿನಲ್ಲಿ ನಿಂತಿದ್ದ ಗಾಡಿ ಅದು. ಬ್ಯಾಟರಿ ಕೊಟ್ಟು ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು, ಹೊಗೆಯಿಲ್ಲ, ನಡುಕವಿಲ್ಲ. ಆಯಿಲ್ ಮುಚ್ಚಳ ತೆಗೆದರೆ ಗಾಳಿ ಬುಸುಗುಟ್ಟಲಿಲ್ಲ, ಅಂದರೆ ಪಿಸ್ಟನ್ ರಿಂಗು ಗಟ್ಟಿಯಾಗಿವೆ. ತಮ್ಮ ಅಲ್ಲೇ ಮನಸ್ಸು ಮಾಡಿಬಿಟ್ಟಿದ್ದ.

ಮೆಕ್ಯಾನಿಕ್ ಹಿಂಬಾಗಿಲು ಎತ್ತಿಸಿದರು. ಚಾಪೆ ಸರಿಸಿ, ಹಲಗೆ ತೆಗೆದು, ಸ್ಟೆಪ್ನಿ ಹೊರಗಿಟ್ಟರು. ಗುಂಡಿಯಲ್ಲಿ ಎರಡು ಬೆರಳು ನೀರು. ನೀರು ಇಳಿದುಹೋಗಲೆಂದು ಇರುವ ರಬ್ಬರ್ ಬಿರಡೆ ಕೆಸರಿನಲ್ಲಿ ಅಂಟಿಕೊಂಡಿತ್ತು. ಇದಿಷ್ಟೇ ಆಗಿದ್ದರೆ ಗಾಡಿ ಬಿಡಲು ಕಾರಣವಲ್ಲ. ಸ್ಟೆಪ್ನಿ ಗುಂಡಿ ತೂತಾದರೂ ತಗಡು ಬೆಸೆದು ಮುಚ್ಚಬಹುದು. ಅದು ಟೈರನ್ನು ಹೊರುತ್ತದೆಯೇ ಹೊರತು ಗಾಡಿಯನ್ನಲ್ಲ.

ಅವರು ಅಲ್ಲಿಗೆ ನಿಲ್ಲಿಸದೆ ಡಿಕ್ಕಿಯ ಎರಡೂ ಪಕ್ಕದ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪು ಕಿತ್ತು ಒಳಗೆ ಟಾರ್ಚ್ ಹಾಕಿದರು. ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಬಂದು ಕೂರುವ ಗುಮ್ಮಟದಂಥ ಜಾಗದ ಸುತ್ತ ಜೋಡಣೆಗೆ ಬಳಿದಿದ್ದ ಸೀಲರ್ ಹಪ್ಪಳದಂತೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಎಡಗಡೆ ತಗಡಿನೊಳಗೆ ಇಳಿದೇ ಹೋಯಿತು. ಕೆಳಗೆ ಮಲಗಿ ನೋಡಿದರೆ ಗಾಡಿಯ ಅಡಿಗೆ ಬಳಿಯುವ ಅಂಡರ್‌ಕೋಟು ಹೊಸದು, ಉಗುರಿಗೆ ಇನ್ನೂ ಮೆತ್ತಗೆ. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋದಾಗ ಮುಂದೆ ಟಣ್ ಎಂದದ್ದು ಹಿಂದಿನ ಚಕ್ರದ ಹತ್ತಿರ ಮಂದವಾಯಿತು. ಬಟ್ಟೆ ಸುತ್ತಿದ ಅಯಸ್ಕಾಂತ ಅಲ್ಲಿ ಕಚ್ಚಲಿಲ್ಲ. ತಗಡಿನ ಬದಲು ಪುಟ್ಟಿ ಇತ್ತು.

“ಎಂಜಿನ್ ಆದ್ರೆ ಬಿಚ್ಚಿ ಕಟ್ಟಬಹುದು ಕಣಕ್ಕ, ಇದನ್ನ ಏನ್ ಮಾಡಕ್ಕಾಗುತ್ತೆ?” ಎಂದರು ಮೆಕ್ಯಾನಿಕ್.

ಇದಕ್ಕೆ ಕಾರಣ ಗಾಡಿಯ ಕಟ್ಟುವಿಕೆಯಲ್ಲಿದೆ. ಜೀಪಿನಲ್ಲಿ ಹಿಂದಿನ ಭಾರ ಲೀಫ್ ಸ್ಪ್ರಿಂಗಿನ ಮೂಲಕ ಛಾಸಿಗೆ ಹೋಗುತ್ತದೆ. ಬಾಡಿ ತುಕ್ಕು ಹಿಡಿದರೂ ಛಾಸಿ ಗಟ್ಟಿಯಿದ್ದರೆ ಗಾಡಿ ನಿಲ್ಲುತ್ತದೆ. ಇಂಥ ಕಾರಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ಇಂಡಿಗೊ ಬಳಗದಲ್ಲಿ ಹಿಂದಿನ ಎರಡು ಚಕ್ರಗಳಿಗೂ ಬೇರೆಬೇರೆ ಸ್ಟ್ರಟ್, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿ ನಿಂತ ಕಂಬ ಇದೆ. ಗುಂಡಿಗೆ ಬಿದ್ದಾಗಲೆಲ್ಲ ಚಕ್ರದ ಏಟು ಸ್ಟ್ರಟ್ಟಿನಿಂದ ಸೀದಾ ಆ ಗುಮ್ಮಟಕ್ಕೆ ಮುಟ್ಟುತ್ತದೆ. ಡಿಕ್ಕಿಯಲ್ಲಿ 250 ಕಿಲೋ ಸಸಿ ಹೇರುವ ಗಾಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಇರಬೇಕಾದ ಜಾಗವೇ ಇಲ್ಲಿ ಎಲ್ಲಕ್ಕಿಂತ ಟೊಳ್ಳಾಗಿತ್ತು.

ಶೆಡ್ಡಿನಲ್ಲಿದ್ದ ಗಾಡಿಗೆ ಇಷ್ಟು ತುಕ್ಕು ಹೇಗೆ ಎಂದು ಮನೆಯವರಿಗೆ ಆಶ್ಚರ್ಯವಾಯಿತು. ಮಲೆನಾಡಿನಲ್ಲಿ ಇದು ಮಾಮೂಲಿ. ಶೆಡ್ಡಿನ ನೆಲ ಮಣ್ಣಿನದು, ಮೂರು ಕಡೆ ಗೋಡೆಯಿಲ್ಲ. ಜೂನಿಂದ ಅಕ್ಟೋಬರಿನವರೆಗೆ ನೆಲದಿಂದ ಏಳುವ ತೇವ ಗಾಡಿಯ ಅಡಿಗೆ ತಾಗುತ್ತಲೇ ಇರುತ್ತದೆ. ಓಡುವ ಗಾಡಿ ಬಿಸಿಲು, ಗಾಳಿ, ಎಂಜಿನ್ ಶಾಖಕ್ಕೆ ಒಣಗುತ್ತದೆ. ನಿಂತದ್ದು ಒಣಗುವುದಿಲ್ಲ. ಸಿಲ್ವರ್ ಓಕಿನ ಎಲೆ ವೈಪರಿನ ಕೆಳಗಿನ ಕಾಲುವೆಯಲ್ಲಿ ಕೊಳೆತು ನೀರಿನ ದಾರಿ ಕಟ್ಟುತ್ತದೆ, ಆ ನೀರು ಮುಂದಿನ ಕಾಲಡಿಯ ಮ್ಯಾಟಿಗೆ ಇಳಿಯುತ್ತದೆ. ವ್ಯಾಗನ್ನಿನಲ್ಲಿ ನೀರು ನುಗ್ಗಲು ಇನ್ನೂ ಹೆಚ್ಚು ದಾರಿಗಳು: ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ಟು, ಹಿಂದಿನ ವೈಪರಿನ ಬುಡ, ಮೇಲಿನ ಲಗೇಜ್ ಕಂಬಿಯ ಬೋಲ್ಟುಗಳು, ಹಿಂಬಾಗಿಲ ಬೀಡಿಂಗು. ಎಲ್ಲ ದಾರಿಯೂ ಕೊನೆಗೆ ಸೇರುವುದು ಡಿಕ್ಕಿಯ ಎರಡು ಮೂಲೆಗೆ.

ಆದರೂ ಕುಟುಂಬ ಕೂಡಲೇ ಬೇಡವೆನ್ನಲಿಲ್ಲ. 61,000 ಕಿಲೋಮೀಟರಿನ ಎಂಜಿನ್ ಮತ್ತೆಲ್ಲಿ ಸಿಗುತ್ತದೆ ಎಂಬ ಆಸೆ ಬಿಡಲಿಲ್ಲ. ಇಬ್ಬರು ಟಿಂಕರಿಂಗಿನವರಿಗೆ ತೋರಿಸಿದರು. ಒಬ್ಬರು 40,000 ಕೇಳಿದರು, ತಗಡು ಬಗ್ಗಿಸಿ ಕೂರಿಸಿ ಬೆಸೆಯುತ್ತೇನೆಂದರು. ಇನ್ನೊಬ್ಬರು, ಆ ಜಾಗದ ಪೀಸು ಸಿಗುವುದಿಲ್ಲ, ಕೈಯಲ್ಲಿ ಮಾಡಿದ್ದಕ್ಕೆ ಜವಾಬ್ದಾರಿ ಹೊರಲಾರೆ ಎಂದು ಕೆಲಸವನ್ನೇ ಒಪ್ಪಲಿಲ್ಲ. ಈ ಎರಡನೆಯವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕು. ದುಡಿಯುವ ಮನುಷ್ಯ ಬಂದ ಕೆಲಸ ಬಿಡುತ್ತಾನೆಂದರೆ ಅದರಲ್ಲಿ ಏನೋ ಇರುತ್ತದೆ. ಅಲ್ಲದೆ ಸ್ಟ್ರಟ್ ಗುಮ್ಮಟದ ಅಳತೆ ಸ್ವಲ್ಪ ತಪ್ಪಿದರೂ ಹಿಂದಿನ ಚಕ್ರ ಓರೆಯಾಗಿ ಟೈರು ಒಂದೇ ಬದಿ ಸವೆಯುತ್ತದೆ, ಬಿರುಸಿನ ಬ್ರೇಕಿಗೆ ಗಾಡಿ ಎಳೆಯುತ್ತದೆ.

ಮನಸ್ಸು ತಿರುಗಿಸಿದ್ದು ಕಾಗದ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಗಾಡಿಯದು 2022ರ ಜೂನಿನಲ್ಲಿ ಮುಗಿದಿತ್ತು, ನವೀಕರಿಸಿರಲಿಲ್ಲ. 2022ರ ಏಪ್ರಿಲ್ 1ರಿಂದ ಇಂಥ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, ತಡವಾದರೆ ತಿಂಗಳಿಗೆ 500. ಜುಲೈ 2022ರಿಂದ ನವೆಂಬರ್ 2024ರವರೆಗೆ 29 ತಿಂಗಳು, ಅಂದರೆ 14,500. ಎರಡೂ ಸೇರಿ 19,500, ಹಸಿರು ತೆರಿಗೆ ಬೇರೆ. ಗಾಡಿಯನ್ನು ತಪಾಸಣೆಗೆ ಹಾಜರುಪಡಿಸಿ ಪಾಸಾಗಲೂ ಬೇಕು. ಗುಮ್ಮಟ ತೂತಾದ ಗಾಡಿ ಪಾಸಾಗುವ ನೆಚ್ಚಿಕೆಯಿಲ್ಲ. ನೋಂದಣಿ ಮುಗಿದ ಗಾಡಿಯನ್ನು ರಸ್ತೆಗೆ ತರುವುದೇ ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು. ಅದಕ್ಕೇ ಅದನ್ನು ತೋಟದೊಳಗಿನ ದಾರಿಯಲ್ಲಷ್ಟೇ ಓಡಿಸಿ ನೋಡಿದ್ದರು.

ಲೆಕ್ಕ ಹೀಗೆ ಬಂತು: ಗಾಡಿಗೆ 70,000, ನೋಂದಣಿಗೆ 19,500, ಟಿಂಕರಿಂಗಿಗೆ 40,000, ತಯಾರಿಕೆ ದಿನಾಂಕ ಹಳತಾದ ನಾಲ್ಕು ಟೈರು ಬದಲಿಸಲು 16,000, ಟೈಮಿಂಗ್ ಬೆಲ್ಟಿಗೆ 6,500, ಆಯಿಲ್ಲು, ಫಿಲ್ಟರು, ಕೂಲೆಂಟಿಗೆ 4,200, ವಿಮೆ ಮತ್ತು ವರ್ಗಾವಣೆಗೆ 6,500. ಒಟ್ಟು 1,62,700. ಎಪ್ಪತ್ತು ಸಾವಿರದ ಗಾಡಿ ಎಂದು ಹೊರಟವರಿಗೆ ಆ ಹಾಳೆ ನೋಡಿದ ಮೇಲೆ ಯಾರೂ ಹೆಚ್ಚು ಹೇಳಬೇಕಾಗಲಿಲ್ಲ.

ಎರಡನೆಯದು

ಮುಂದಿನ ತಿಂಗಳು ಅರಸೀಕೆರೆ ಕಡೆಯಿಂದ ಇನ್ನೊಂದು ಮರೀನಾ ಸುದ್ದಿ ಬಂತು. 2007ರ ಅಕ್ಟೋಬರ್ ನೋಂದಣಿ, 2022ರಲ್ಲಿ ನವೀಕರಣವಾಗಿ 2027ರ ಅಕ್ಟೋಬರಿನವರೆಗೆ ಊರ್ಜಿತ. ಮೀಟರು 1,63,000. ಬಣ್ಣ ಮಾಸಿದೆ, ಬಲಬಾಗಿಲಿಗೆ ಗೀರು. ಕೇಳಿದ್ದು 1,25,000. ಹೊರನೋಟಕ್ಕೆ ಮೊದಲನೆಯದರ ಮುಂದೆ ಏನೂ ಅಲ್ಲ. ಆದರೆ ಅರಸೀಕೆರೆ ಒಣಸೀಮೆ. ಒಂದೇ ಜಿಲ್ಲೆಯಾದರೂ ಸಕಲೇಶಪುರದ ಮಳೆಗೂ ಅಲ್ಲಿನ ಮಳೆಗೂ ಹೋಲಿಕೆಯಿಲ್ಲ.

ಈ ಸಲ ಪರೀಕ್ಷೆ ಹಿಂದಿನಿಂದಲೇ ಶುರು. ಸ್ಟೆಪ್ನಿ ಗುಂಡಿ ಒಣಗಿತ್ತು, ಧೂಳಿತ್ತು. ಗುಮ್ಮಟದ ಸೀಲರ್ ಕಂಪನಿಯದೇ. ಹಿಂಬಾಗಿಲ ಕೆಳತುಟಿಯಲ್ಲಿ ಮೇಲ್ಮೇಲಿನ ತುಕ್ಕು, ಉಜ್ಜಿದರೆ ಹೊಳೆಯುವ ತಗಡು ಕಾಣುತ್ತಿತ್ತು. ಬಾಗಿಲು ಎತ್ತಿದರೆ ನಿಲ್ಲುತ್ತಿರಲಿಲ್ಲ, ಗ್ಯಾಸ್ ರಾಡು ಸತ್ತಿತ್ತು. ಬಲಪಟ್ಟಿಯಲ್ಲಿ ಸಿಕ್ಕ ದೋಷ ಇಷ್ಟೇ.

ಎಂಜಿನ್ನಿಗೆ ಬಂದರೆ, ಮೊದಲ ದಿನ ಹೋದಾಗ ಬಾನೆಟ್ ಆಗಲೇ ಬಿಸಿಯಾಗಿತ್ತು. ಬಿಸಿ ಎಂಜಿನ್ ನೋಡಿ ಡೀಸೆಲ್ ಗಾಡಿ ಕೊಳ್ಳಬಾರದು. ನಾಳೆ ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡು, ಮರುದಿನ ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಹೋದರು. ಹಿಡಿಯಲು ಮೂರು ಸಲ ತಿರುಗಿಸಬೇಕಾಯಿತು, ಹಿಡಿದ ಮೇಲೂ ಇಪ್ಪತ್ತು ಸೆಕೆಂಡು ಬಿಳಿ ಹೊಗೆ, ನಡುಕ. ಆಮೇಲೆ ಸರಿಹೋಯಿತು. ಚಳಿಯಲ್ಲಿ ಎಂಜಿನ್ ಹಿಡಿಯಲೆಂದು ಒಳಗೆ ಬಿಸಿಮಾಡುವ ನಾಲ್ಕು ಹೀಟರ್ ಪ್ಲಗ್ಗುಗಳ ತಂತಿ ಕಳಚಿ ಮಲ್ಟಿಮೀಟರ್ ಹಿಡಿದಾಗ ಎರಡರಲ್ಲಿ ಸಂಪರ್ಕವೇ ಇರಲಿಲ್ಲ. ಅಂದರೆ ದೋಷ ಕಂಪ್ರೆಷನ್ನಿನದಲ್ಲ, ಪ್ಲಗ್ಗಿನದು. ಹೊಗೆ ಬಿಸಿಯಾದ ಮೇಲೂ ಬಿಳಿಯಾಗಿಯೇ ಇದ್ದಿದ್ದರೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕಿತ್ತು. ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಅಥವಾ ರಿಂಗು. ಟರ್ಬೊದಿಂದ ಹೊರಡುವ ದಪ್ಪ ಪೈಪಿನ ಕ್ಲಿಪ್ಪು ಸಡಿಲಿಸಿ ಒಳಗೆ ಬೆರಳಾಡಿಸಿದರು. ತೆಳ್ಳಗೆ ಆಯಿಲ್ ಪಸೆ ಇದ್ದರೆ ಪರವಾಗಿಲ್ಲ, ಇಲ್ಲಿ ಇದ್ದದ್ದೂ ಅಷ್ಟೇ. ಬೊಗಸೆಯಲ್ಲಿ ನಿಲ್ಲುವಷ್ಟಿದ್ದರೆ ಟರ್ಬೊ ಸೀಲು ಹೋಗಿದೆ ಎಂದರ್ಥ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ “ಮಾಡ್ಸಿದ್ವಿ ಸಾರ್, ನೆನಪಿಲ್ಲ” ಎಂಬ ಉತ್ತರ. ಬಿಲ್ಲಿಲ್ಲದ ಬೆಲ್ಟನ್ನು ಸವೆದುಹೋದ ಬೆಲ್ಟೆಂದೇ ತಿಳಿಯಬೇಕು. ಓಡುವಾಗ ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಹೆಡ್ ಇಳಿಸುವ ಕೆಲಸವಾಗುತ್ತದೆ. ಆ ಖರ್ಚಿನ ಮುಂದೆ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೇರಿದ 6,500 ಏನೂ ಅಲ್ಲ. ಬೆಲ್ಟು ಹಾಕುವಾಗ ಟೆನ್ಷನರ್ ಬೇರಿಂಗನ್ನು ಹಳೆಯದನ್ನೇ ಬಿಡುವ ಅಭ್ಯಾಸ ಕೆಲವು ಕಡೆ ಇದೆ. ಆ ಬೇರಿಂಗು ಜಾಮಾದರೆ ಹೊಸ ಬೆಲ್ಟೂ ಹರಿಯುತ್ತದೆ.

ಓಡಿಸಿ ನೋಡಲು ಊರಿನ ಸುತ್ತ ಒಂದು ರೌಂಡ್ ಸಾಲದು. ಮಾರುವವರ ಮಗನನ್ನೂ ಕೂರಿಸಿಕೊಂಡು, ಡೀಸೆಲ್ ತಾವೇ ಹಾಕಿಸಿ, ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಶಿರಾಡಿ ಘಾಟಿಯಲ್ಲಿ ಸುಮಾರು ಹತ್ತು ಕಿಲೋಮೀಟರು ಇಳಿದು ಮತ್ತೆ ಏರಿದರು. ಇಳಿಯುವಾಗ ಬ್ರೇಕಿಗೆ ಸ್ಟಿಯರಿಂಗ್ ನಡುಗಲಿಲ್ಲ. ಏರುವಾಗ ನಾಲ್ಕನೇ ಗೇರಿನಲ್ಲಿ ಐವತ್ತರ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರಿತು, ವೇಗ ಏರಲಿಲ್ಲ. ಕ್ಲಚ್ ಪ್ಲೇಟ್ ಜಾರುತ್ತಿದೆ. ಮೇಲೆ ಬಂದು ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿದಾಗ ಫ್ಯಾನ್ ತಾನಾಗಿ ತಿರುಗಿ ನಿಂತಿತು, ಟೆಂಪರೇಚರ್ ಮುಳ್ಳು ಮಧ್ಯದಿಂದ ಕದಲಲಿಲ್ಲ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಸುತ್ತು ಹಾಕಿದಾಗ ಆಕ್ಸಲಿನಲ್ಲಿ ಟಕಟಕ ಇಲ್ಲ, ಗುಂಡಿಗೆ ಬಿದ್ದರೆ ಮುಂದೆ ಲೊಟಲೊಟ ಇದೆ: ಲೋಯರ್ ಆರ್ಮ್ ಬುಷ್ಷು ಮತ್ತು ಲಿಂಕ್ ರಾಡು.

ಅತ್ತೆಯನ್ನು ಮೂರು ಸಲ ಕೂರಿಸಿ ಇಳಿಸಿ ನೋಡಿದ್ದೂ ಪರೀಕ್ಷೆಯ ಭಾಗವೇ. ಮೊದಲ ಸಲ ಎಲ್ಲರೂ ಉತ್ಸಾಹದಲ್ಲಿ ಏಳುತ್ತಾರೆ, ಮಂಡಿಯ ನಿಜ ತಿಳಿಯುವುದು ಮೂರನೇ ಸಲಕ್ಕೆ. “ಇದಾದ್ರೆ ಆಗುತ್ತೆ ಕಣವ್ವ” ಎಂದರು ಅತ್ತೆ.

ಚೌಕಾಸಿಗೆ ಕೂತಾಗ ಬಾಯಿಮಾತಿನ ಬದಲು ಪಟ್ಟಿ ಮುಂದಿಟ್ಟರು. ಬೆಲ್ಟು 6,500, ಕ್ಲಚ್ ಸೆಟ್ಟು ಕೂಲಿ ಸೇರಿ 9,000, ನಾಲ್ಕು ಟೈರು 16,000, ಬುಷ್ಷು ಲಿಂಕು 4,800, ನಾಲ್ಕು ಹೀಟರ್ ಪ್ಲಗ್ಗು 1,800, ಆಯಿಲ್ಲು, ಫಿಲ್ಟರು, ಕೂಲೆಂಟು, ಬ್ರೇಕ್ ಆಯಿಲ್ಲು 4,200, ಗ್ಯಾಸ್ ರಾಡು 2,400. ಒಟ್ಟು 44,700. ಅಷ್ಟನ್ನೂ ಬೆಲೆಯಲ್ಲಿ ಕಳೆಯಿರಿ ಎಂದು ಕೇಳಲಿಲ್ಲ. ಟೈರು, ಆಯಿಲ್ಲು ಯಾರು ಕೊಂಡರೂ ಹಾಕಿಸಲೇಬೇಕಾದವು. ಉಳಿದ 24,500ಕ್ಕೆ ಪಟ್ಟುಹಿಡಿದರು. ಕೊನೆಗೆ ಅದಕ್ಕಿಂತಲೂ ತುಸು ಹೆಚ್ಚೇ ಇಳಿದು 98,000ಕ್ಕೆ ಒಪ್ಪಿಗೆಯಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿ ವಿವರ ತೆಗೆದಾಗ ಫೈನಾನ್ಸ್ ಕಂಪನಿಯೊಂದರ ಹೆಸರು ಆರ್‌ಸಿಯಲ್ಲಿ ಇನ್ನೂ ಕೂತಿತ್ತು. ಸಾಲ ತೀರಿ ಹತ್ತು ವರ್ಷವಾಗಿದೆ ಎಂದರು ಮಾರುವವರು. ತೀರಿದ್ದು ನಿಜವೇ. ಆದರೆ ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಆ ಸಾಲದ ನಮೂದು, ಕ್ಯಾನ್ಸಲ್ ಆಗದೆ ಮಾಲೀಕರ ಹೆಸರು ಬದಲಾಗುವುದಿಲ್ಲ. ಆಗ ಸಾಲ ತೀರಿದ್ದಕ್ಕೆ ಫೈನಾನ್ಸಿನವರು ಕೊಟ್ಟಿದ್ದ ಹಳೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತೋರಿಸಿ, ದುಡ್ಡು ಕೊಟ್ಟು ಗಾಡಿ ಒಯ್ಯಿರಿ, ಕಾಗದ ಆಮೇಲೆ ಮಾಡೋಣ ಎಂಬ ಮಾತು ಬಂತು. ಕುಟುಂಬ ಒಪ್ಪದೆ 5,000 ಅಡ್ವಾನ್ಸು ಕೊಟ್ಟು, ಎರಡು ತಿಂಗಳೊಳಗೆ ಎಚ್‌ಪಿ ತೆಗೆಸದಿದ್ದರೆ ಹಣ ವಾಪಸ್ ಎಂದು ಬರೆಸಿಕೊಂಡಿತು. ಫೈನಾನ್ಸಿನವರಿಂದ ಹೊಸ ಎನ್‌ಒಸಿ, ಅವರ ಸಹಿಯಿರುವ ಫಾರಂ 35 ಸಿಕ್ಕು ಕೆಲಸವಾಗಲು ಐದು ವಾರ ಹಿಡಿಯಿತು. ಗಾಡಿ ಒಯ್ದ ಮೇಲಾಗಿದ್ದರೆ ಆ ಐದು ವಾರದ ಓಡಾಟ ಕೊಂಡವರ ತಲೆಗೇ ಬೀಳುತ್ತಿತ್ತು.

ಆಮೇಲೆ ಹೆಸರು ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿಯೂ ಬೇಕು. ಹಳೆಯ ಟ್ರಾಫಿಕ್ ದಂಡ ಎರಡಿತ್ತು, ಮಾರುವವರಿಂದಲೇ ಕಟ್ಟಿಸಿದರು.

ಮುಂದೆ ನಡೆದದ್ದು

ಗಾಡಿ, ಕೆಲಸ, ವಿಮೆ, ವರ್ಗಾವಣೆ ಎಲ್ಲ ಸೇರಿ 1,49,200 ಆಯಿತು. ಉಳಿದ 25,800ರಲ್ಲಿ 6,000ವನ್ನು 2027ರ ನವೀಕರಣಕ್ಕೆಂದು ಬೇರೆ ಇಟ್ಟರು. ಈ ಲೆಕ್ಕ ಸಾಲದಾಯಿತು: 2025ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000ಕ್ಕೆ ಏರಿಸಿತು. 2007ರ ಗಾಡಿಗೆ 2027ಕ್ಕೆ ಇಪ್ಪತ್ತು. ಹಳೇ ಗಾಡಿ ಕೊಳ್ಳುವವರು ನೋಂದಣಿಯಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಟೈರಿನ ಸವೆತದಂತೆಯೇ ದುಡ್ಡಿಗೆ ತಿರುಗಿಸಿ ನೋಡಬೇಕು.

ಮೊದಲ ಸಸಿ ಕಾಲದಲ್ಲೇ ಒಂದು ತಪ್ಪಾಯಿತು. ನೀರುಂಡ ಒಂದು ಚೀಲ ತೂಗಿದರೆ 1.2 ಕಿಲೋ. ಕ್ರೇಟಿಗೆ 24 ಚೀಲ, ಕ್ರೇಟಿನ ತೂಕ ಸೇರಿ 30 ಕಿಲೋ. ಹಿಂಸೀಟು ಮಡಚಿ ಜಾಗವಿದೆಯೆಂದು ಹನ್ನೆರಡು ಕ್ರೇಟು, ಅಂದರೆ 360 ಕಿಲೋ ಹೇರಿದರು, ಮುಂದೆ ಇಬ್ಬರು. ಮೂಡಿಗೆರೆ ದಾರಿಯ ಗುಂಡಿಗಳಲ್ಲಿ ಹಿಂಭಾಗ ಧಡ್ ಧಡ್ ಎಂದು ರಬ್ಬರ್ ತಡೆಗೆ ಹೊಡೆಯಿತು. ಅಂಥ ಪ್ರತಿ ಏಟೂ ಬೀಳುವುದು ಅದೇ ಗುಮ್ಮಟಕ್ಕೆ. ಆಮೇಲಿಂದ ಎಂಟೇ ಕ್ರೇಟು, 240 ಕಿಲೋ. ಭಾರದವು ಮುಂಸೀಟಿನ ಬೆನ್ನಿಗೆ ಒತ್ತಿ, ಹಗ್ಗದಲ್ಲಿ ಕಟ್ಟಿ, ಖಾಲಿ ಜಾಗ ಹಿಂಬಾಗಿಲ ಕಡೆ. ಹಿಂಚಕ್ರದಿಂದ ಆಚೆ ಹೇರಿದಷ್ಟೂ ಗಾಡಿಯ ಮೂತಿ ಮೇಲೇಳುತ್ತದೆ. ಮುಂಚಕ್ರ ಎಳೆಯುವ ಗಾಡಿ ಕೆಸರು ಏರಿನಲ್ಲಿ ಅಲ್ಲೇ ಸುತ್ತುತ್ತದೆ. ಹೇರಿದ ದಿನ ಟೈರಿನ ಗಾಳಿಯನ್ನು ಪೂರ್ಣ ಭಾರಕ್ಕೆ ಕಂಪನಿ ಹೇಳಿರುವ ಅಳತೆಗೆ ಏರಿಸಬೇಕು.

ಜೂನಿನ ಮಳೆಗೆ ಡಿಕ್ಕಿಯ ಎಡಮೂಲೆ ಒದ್ದೆಯಾಯಿತು. ಒಣಸೀಮೆಯಲ್ಲಿ ಕಾಣದ ಸೋರಿಕೆ ಇಲ್ಲಿ ಕಂಡಿತು. ಸಿಕ್ಕಸಿಕ್ಕಲ್ಲಿ ಸಿಲಿಕಾನ್ ಮೆತ್ತುವ ಬದಲು ಹುಡುಕಿದರು: ಹೊದಿಕೆ ತೆಗೆದು ಒಣಗಿಸಿ, ಒಳಗೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು, ಇನ್ನೊಬ್ಬರು ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ಒಂದೊಂದು ಜಾಗಕ್ಕೆ ಐದೈದು ನಿಮಿಷ ನೀರು ಬಿಟ್ಟರು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ಜಾಗದ್ದೆಂದು ತಿಳಿಯುವುದಿಲ್ಲ. ಪುಡಿಯ ಮೇಲೆ ಗೆರೆ ಮೂಡಿದ್ದು ಎಡ ಟೈಲ್ ಲ್ಯಾಂಪಿನ ಹಿಂದೆ. ಗಟ್ಟಿಯಾಗಿದ್ದ ಗ್ಯಾಸ್ಕೆಟ್ ಕಿತ್ತು ಬ್ಯುಟೈಲ್ ಟೇಪ್ ಸುತ್ತಿ ಕೂರಿಸಿದರು. ವಿನೆಗರ್ ವಾಸನೆಯ ಸಿಲಿಕಾನನ್ನು ತಗಡಿಗೆ ಹಾಕಲೇಬಾರದು, ಒಣಗುವಾಗ ಅದು ಬಿಡುವ ಆಮ್ಲವೇ ತುಕ್ಕು ಹುಟ್ಟಿಸುತ್ತದೆ. ಹಿಂಬಾಗಿಲ ಕೆಳತುಟಿಯನ್ನೂ ಆಗಲೇ ಉಜ್ಜಿ ಪ್ರೈಮರ್, ಬಣ್ಣ ಹೊಡೆಸಿದರು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಅದು ತೂತಾಗುವ ಕೆಲಸವಿತ್ತು.

ಮೊದಲ ಗಾಡಿಯನ್ನು ಆ ವರ್ಷವೆಲ್ಲ ಯಾರೂ ಕೊಳ್ಳಲಿಲ್ಲ. ಕೊನೆಗೆ ಗುಜರಿಗೆ ಹಾಕುವ ಸುದ್ದಿ ತಿಳಿದು ಕುಟುಂಬ ಮತ್ತೆ ಹೋಗಿ ಮಾತಾಡಿತು. ಆರ್‌ಸಿ ರದ್ದು ಮಾಡಿಸದೆ ಕೊಟ್ಟರೆ ಆ ನಂಬರಿನಲ್ಲಿ ನಾಳೆ ಏನಾದರೂ ಉತ್ತರಿಸಬೇಕಾದವರು ಮಾಲೀಕರೇ ಎಂದು ಮೆಕ್ಯಾನಿಕ್ ಎಚ್ಚರಿಸಿದ್ದರಿಂದ ಅವರು ಆ ಕೆಲಸ ಮೊದಲು ಮುಗಿಸಿದರು. ಎರಡು ಟೈಲ್ ಲ್ಯಾಂಪು, ಹಿಂಬಾಗಿಲ ಗಾಜು, ಪಕ್ಕದ ಎರಡು ಗಾಜು, ವೈಪರ್ ಮೋಟಾರು, ಬೀಡಿಂಗು, ಎಲ್ಲ ಸೇರಿ 6,500ಕ್ಕೆ ಸಿಕ್ಕವು. ಬಲಪಟ್ಟಿಯ ಬಹುಪಾಲು ಈಗ ಗೋಣಿಯಲ್ಲಿ ಸುತ್ತಿ, ಅವರ ನರ್ಸರಿಯ ಅಟ್ಟದ ಮೇಲಿದೆ.